ಊರು ನಮ್ಮನ್ನು ಕೇಳಿದಾಗ

ಮೈಸೂರಿನಿಂದ ಈ ದೇಶಕ್ಕೆ ಬಂದಿಳಿದ ಹೊಸತರಲ್ಲಿ, ನನ್ನನ್ನು ಪ್ಯಾರಮಟ್ಟಾದವನೆಂದು ಒಪ್ಪಿಕೊಂಡ ಮೊದಲ ಕಾಗದ ಯಾವುದೆಂದು ಕೇಳಿದರೆ, ಅದು ಗ್ರಂಥಾಲಯದ ಸದಸ್ಯತ್ವದ ಕಾರ್ಡು. ಕೆಲಸ ಸಿಕ್ಕಿರಲಿಲ್ಲ. ಸಿವಿಕ್ ಪ್ಲೇಸ್‌ನ ನಗರ ಗ್ರಂಥಾಲಯದಲ್ಲಿ ಠೇವಣಿ ಕೇಳಲಿಲ್ಲ, ಶಿಫಾರಸು ಕೇಳಲಿಲ್ಲ; ವಿಳಾಸವೊಂದಿದ್ದರೆ ಸಾಕಾಗಿತ್ತು. ಪತ್ರಿಕೆಗಳ ಉದ್ಯೋಗದ ಪುಟಗಳನ್ನು ಅಲ್ಲಿಯೇ ಓದಿ, ಅರ್ಜಿಗಳನ್ನೂ ಅಲ್ಲಿಯೇ ಬರೆದೆ. ವೆಸ್ಟ್‌ಮೀಡ್, ವೆಂಟ್ವರ್ತ್‌ವಿಲ್, ಹ್ಯಾರಿಸ್ ಪಾರ್ಕ್‌ಗಳಲ್ಲಿ ನೆಲೆನಿಂತ ನಮ್ಮವರಲ್ಲಿ ಅನೇಕರ ಕಥೆಯೂ ಇದೇ ಇರಬೇಕು.

ಪುಸ್ತಕ ಹೀಗೆ ಬಿಟ್ಟಿಯಾಗಿ ಕೈಗೆ ಬರುವುದು ಈ ನಾಡಿನಲ್ಲಿ ಮೊದಲಿನಿಂದ ಇದ್ದ ಏರ್ಪಾಡೆಂದು ಭಾವಿಸಿದ್ದೆ. ಅದು ತಪ್ಪು ಕಲ್ಪನೆ. ಮೆಲ್ಬರ್ನ್‌ನ ಸಾರ್ವಜನಿಕ ಗ್ರಂಥಾಲಯ 1856ರಲ್ಲಿ ಬಾಗಿಲು ತೆರೆದಾಗ ಹದಿನಾಲ್ಕು ವರ್ಷ ದಾಟಿದ ಯಾರು ಬೇಕಾದರೂ, ಕೈ ಶುಚಿಯಾಗಿದ್ದರೆ, ಒಳಗೆ ಕುಳಿತು ಓದಬಹುದಿತ್ತು. ಜಾತಿ ಕೇಳದೆ ಕೈ ನೋಡುವ ಈ ನಿಯಮ ನನಗೆ ಬಹಳ ಹಿಡಿಸಿತು. ಆದರೆ ಚಿಕ್ಕ ಊರುಗಳ ಸ್ಥಿತಿ ಬೇರೆಯಾಗಿತ್ತು. ಅಲ್ಲಿದ್ದವು ಚಂದಾ ಕೊಟ್ಟವರ ಸಂಸ್ಥೆಗಳು. ಅಮೆರಿಕದ ಕಾರ್ನೆಗೀ ಸಂಸ್ಥೆಯ ನೆರವಿನಿಂದ ರಾಲ್ಫ್ ಮನ್ ಮತ್ತು ಅರ್ನೆಸ್ಟ್ ಪಿಟ್ ಎಂಬ ಇಬ್ಬರು ಗ್ರಂಥಪಾಲಕರು ದೇಶವನ್ನು ಸುತ್ತಿ 1935ರಲ್ಲಿ ಒಪ್ಪಿಸಿದ ವರದಿ ಈ ಗ್ರಂಥಾಲಯಗಳ ದೈನ್ಯವನ್ನು ಬಯಲಿಗೆಳೆಯಿತು. ಅದನ್ನು ಹಿಡಿದು ನಾಗರಿಕರೇ ಚಳವಳಿ ಹೂಡಿದರು. 1939ರಲ್ಲಿ ನ್ಯೂ ಸೌತ್ ವೇಲ್ಸ್ ಗ್ರಂಥಾಲಯ ಶಾಸನವನ್ನು ಪಡೆಯಿತು. ನಮ್ಮ ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಶಾಸನ 1965ರದು. ಮನೆ ತೆರಿಗೆಯ ಜೊತೆ ನಮ್ಮ ತಂದೆಯವರು ಗ್ರಂಥಾಲಯ ಕರವನ್ನೂ ಗೊಣಗುತ್ತಲೇ ಕಟ್ಟುತ್ತಿದ್ದುದು ನೆನಪಿದೆ.

ಸಿವಿಕ್ ಪ್ಲೇಸ್‌ನ ಆ ಕಟ್ಟಡ ಈಗಿಲ್ಲ. ಪ್ಯಾರಮಟ್ಟಾ ಸ್ಕ್ವೇರ್ ಎಂಬ ಮಹಾಯೋಜನೆಗಾಗಿ ಅದನ್ನು ಕೆಡವಲಾಯಿತು. ಪುಸ್ತಕಗಳು ಕೆಲಕಾಲ ರೈಲು ನಿಲ್ದಾಣದ ಪಕ್ಕದ ಫಿಟ್ಜ್‌ವಿಲಿಯಂ ಬೀದಿಯ ತಾತ್ಕಾಲಿಕ ಬಿಡಾರದಲ್ಲಿದ್ದು, 2022ರ ಸೆಪ್ಟೆಂಬರ್‌ನಲ್ಲಿ 'ಫೈವ್' ಎಂಬ ಹೊಸ ಭವನವನ್ನು ಸೇರಿದವು. ನೆರೆಯ 1883ರ ಪುರಭವನವನ್ನು ಮಾತ್ರ ಉಳಿಸಿ ಹೊಸದರೊಂದಿಗೆ ಹೊಂದಿಸಿದ್ದಾರೆ. ಹಳೆಯ ಗ್ರಂಥಾಲಯವೇನೂ ಸೊಗಸಿನ ಕಟ್ಟಡವಾಗಿರಲಿಲ್ಲ. ಹೊಸದು ನಿಸ್ಸಂಶಯವಾಗಿ ಚೆನ್ನಾಗಿದೆ. ಆದರೂ ಚರಿತ್ರೆಯೆಂದರೆ ಕಮಾನು, ಕಂಬಗಳಷ್ಟೇ ಅಲ್ಲವಲ್ಲ.

ಇಲ್ಲಿ ಕಟ್ಟಡಗಳ ಅಳಿವು ಉಳಿವು ತೀರ್ಮಾನವಾಗುವ ಬಗೆಯನ್ನು ಸ್ವಲ್ಪ ವಿವರಿಸಬೇಕು. 1979ರ ಪರಿಸರ ಮತ್ತು ನಗರಯೋಜನಾ ಶಾಸನದ ಪ್ರಕಾರ ದೊಡ್ಡ ಯೋಜನೆಯ ಅರ್ಜಿ ಬಂದಾಗ ಅದರ ನಕ್ಷೆ ಮತ್ತು ವರದಿಗಳನ್ನು ಸಾರ್ವಜನಿಕರ ಮುಂದಿಟ್ಟು ಅಭಿಪ್ರಾಯ ಕೇಳಬೇಕು. ರಾಜ್ಯಮಟ್ಟದ ಮಹತ್ವವುಳ್ಳ ಯೋಜನೆಗಾದರೆ ಸಾಮಾನ್ಯವಾಗಿ ಕನಿಷ್ಠ 28 ದಿನಗಳ ಅವಕಾಶ. ಅಭಿಪ್ರಾಯ ಬರೆಯಲು ಪೌರತ್ವ ಬೇಕಿಲ್ಲ, ಸ್ವಂತ ಮನೆ ಬೇಕಿಲ್ಲ, ವಕೀಲ ಬೇಕಿಲ್ಲ. ಆದರೆ ಇದು ಮತದಾನವಲ್ಲ. ಬಂದ ಪತ್ರಗಳನ್ನು ಪರಿಗಣಿಸಬೇಕಾದದ್ದು ಕರ್ತವ್ಯ, ಒಪ್ಪಬೇಕಾದದ್ದಲ್ಲ. ಈ ಹಕ್ಕಿನ ಹಿಂದೆಯೂ ಹೋರಾಟವಿದೆ. 1971ರಲ್ಲಿ ಸಿಡ್ನಿಯ ಹಂಟರ್ಸ್ ಹಿಲ್‌ನ ಗೃಹಿಣಿಯರು ಕೆಲ್ಲೀಸ್ ಬುಷ್ ಎಂಬ ಕುರುಚಲು ಕಾಡನ್ನು ಉಳಿಸಲು ಕಟ್ಟಡ ಕಾರ್ಮಿಕರ ಸಂಘದ ಮೊರೆಹೊಕ್ಕರು. ಜ್ಯಾಕ್ ಮಂಡೀ ಮುಂದಾಳಾಗಿದ್ದ ಆ ಸಂಘ ಅಲ್ಲಿ ಕೆಲಸ ಮಾಡುವುದಿಲ್ಲವೆಂದು ಸಾರಿತು. ಜಗತ್ತು 'ಗ್ರೀನ್ ಬ್ಯಾನ್' ಎಂದು ಕರೆದದ್ದು ಇದನ್ನೇ.

ಈ ಅಸ್ತ್ರ ಪ್ಯಾರಮಟ್ಟಾದಲ್ಲಿ ಮತ್ತೆ ಹೊರಬಂದದ್ದು 2020ರಲ್ಲಿ. ನದೀತೀರದಲ್ಲಿ ಪವರ್‌ಹೌಸ್ ವಸ್ತುಸಂಗ್ರಹಾಲಯವನ್ನು ಕಟ್ಟುವ ಯೋಜನೆಯಲ್ಲಿ ಫಿಲಿಪ್ ಬೀದಿಯ ವಿಲೋ ಗ್ರೋವ್ ಎಂಬ ಹತ್ತೊಂಬತ್ತನೆಯ ಶತಮಾನದ ಮನೆ ಹೋಗಬೇಕಾಗಿತ್ತು. ಒಂದು ಕಾಲಕ್ಕೆ ಅದು ಹೆರಿಗೆ ಆಸ್ಪತ್ರೆಯಾಗಿದ್ದುದರಿಂದ, ತಾವು ಹುಟ್ಟಿದ ಮನೆಯೆಂದು ಹೇಳಿಕೊಳ್ಳುವ ಹಿರಿಯರು ಊರಿನಲ್ಲಿದ್ದರು. ಆ ಜೂನ್‌ನಲ್ಲಿ ಅರ್ಜಿ ಸಾರ್ವಜನಿಕ ಪರಿಶೀಲನೆಗೆ ಬಂತು. ಸಾವಿರಕ್ಕೂ ಹೆಚ್ಚು ಪತ್ರಗಳು ಹೋದವು, ಬಹುಪಾಲು ವಿರೋಧದವು. ಕಟ್ಟಡ ಕಾರ್ಮಿಕರ ಸಂಘ ಗ್ರೀನ್ ಬ್ಯಾನ್ ಘೋಷಿಸಿತು. ಮಂಡೀ ಅದಕ್ಕೆ ಒಂದು ತಿಂಗಳ ಹಿಂದಷ್ಟೇ ತೀರಿಕೊಂಡಿದ್ದರು. ಪಕ್ಕದ ಸೇಂಟ್ ಜಾರ್ಜಸ್ ಟೆರೇಸ್ ಉಳಿಯಿತು. ವಿಲೋ ಗ್ರೋವ್ ಉಳಿಯಲಿಲ್ಲ: 2021ರಲ್ಲಿ ಒಪ್ಪಿಗೆ ದೊರೆಯಿತು, ನಿವಾಸಿಗಳು ನ್ಯಾಯಾಲಯದಲ್ಲಿ ಸೋತರು, ಬೇರೆಡೆ ಮತ್ತೆ ಕಟ್ಟುವ ಮಾತು ಕೊಟ್ಟು ಮನೆಯನ್ನು ಬಿಚ್ಚಿ ತೆಗೆದರು.

ಆ ಸಾವಿರ ಪತ್ರಗಳಲ್ಲಿ ನನ್ನದು ಇರಲಿಲ್ಲ. ಮಹಾಮಾರಿಯ ದಿನಗಳೆಂಬ ನೆಪ ಇತ್ತು. ನಿಜವಾದ ಕಾರಣ ಬೇರೆ. ಇದು ಅವರ ಚರಿತ್ರೆ, ಅವರ ಅಜ್ಜಿಯರ ಹೆರಿಗೆ ಆಸ್ಪತ್ರೆ, ನಡುವೆ ನಾನು ಬಾಯಿ ಹಾಕುವುದೇನೆಂಬ ಸಂಕೋಚ. ಮಗಳು ಅದನ್ನು ಸಂಕೋಚವೆಂದು ಒಪ್ಪಲಿಲ್ಲ. "ಅಪ್ಪಾ, ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಬಗ್ಗೆ ಗಂಟೆಗಟ್ಟಲೆ ಮಾತಾಡ್ತೀರಿ. ಇಲ್ಲಿ ಕೇಳಿದಾಗ ಒಂದು ಸಾಲು ಬರೆಯಲಿಲ್ಲ," ಎಂದಳು.

ಮಾತು ನಾಟಿತು. 1892ರ ಲ್ಯಾನ್ಸ್‌ಡೌನ್ ಕಟ್ಟಡದ ಪುಸ್ತಕದಂಗಡಿಗಳೇ ನನ್ನ ಬಾಲ್ಯದ ಎರಡನೆಯ ಗ್ರಂಥಾಲಯ. 2012ರ ಆಗಸ್ಟ್‌ನಲ್ಲಿ ಅದರ ಭಾಗವೊಂದು ಕುಸಿದು ನಾಲ್ವರು ಸತ್ತರು. ಕೆಡವಬೇಕೆ, ದುರಸ್ತಿ ಮಾಡಬೇಕೆ ಎಂಬ ಚರ್ಚೆ ತಜ್ಞರ ಸಮಿತಿಗಳಲ್ಲಿ, ಉಚ್ಚ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಎಳೆಯಿತು. ಅಲ್ಲಿ ಮಾತಾಡುವ ಆಸೆಯಿದ್ದ ನನಗೆ ದಾರಿ ಕಾಣಲಿಲ್ಲ; ಇಲ್ಲಿ ದಾರಿಯಿದ್ದಾಗ ನಾನು ನಡೆಯಲಿಲ್ಲ.

ಬರೆದರೆ ಏನೂ ಆಗದೆಂಬ ವಾದವನ್ನು ನಾನು ಪೂರ್ತಿ ಒಪ್ಪಲಾರೆ. ಸಿಡ್ನಿಯ ಮಿಚೆಲ್ ಗ್ರಂಥಾಲಯದ ಓದುಕೋಣೆಯ ಸ್ವರೂಪವನ್ನು ಬದಲಿಸುವ ಯೋಜನೆಗೆ 2014ರಲ್ಲಿ ಇನ್ನೂರಕ್ಕೂ ಹೆಚ್ಚು ಲೇಖಕರು, ವಿದ್ವಾಂಸರು ಬಹಿರಂಗ ಪತ್ರ ಬರೆದರು, ಜೆ. ಎಂ. ಕುಟ್ಸೀ, ಡೇವಿಡ್ ಮಲೂಫ್ ಅವರ ಹೆಸರೂ ಅದರಲ್ಲಿತ್ತು. ಅದೇ ವರ್ಷ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯವು ತನ್ನ ಮುಖ್ಯ ಕಟ್ಟಡದ ಕಪಾಟುಗಳ ಅಂತಸ್ತುಗಳನ್ನು ತೆಗೆಯುವ ಯೋಜನೆಯನ್ನು ಓದುಗರ ವಿರೋಧದ ನಡುವೆ ಕೈಬಿಟ್ಟಿತು. ದೊಡ್ಡ ಹೆಸರುಗಳ ಪತ್ರಕ್ಕೆ ತೂಕ ಹೆಚ್ಚೆಂಬುದು ನಿಜವೇ. ಆದರೆ ಪ್ಯಾರಮಟ್ಟಾದ ಕಡತಗಳಲ್ಲಿ ನಮ್ಮ ಬೀದಿಯವರ ಹೆಸರುಗಳೇ ಇಲ್ಲದಿದ್ದರೆ, ಈ ಊರಿನಲ್ಲಿ ಆಗ ಯಾರು ಬಾಳುತ್ತಿದ್ದರೆಂಬುದನ್ನು ನಾಳಿನ ಇತಿಹಾಸಕಾರ ಎಲ್ಲಿಂದ ತಿಳಿದಾನು?

ಈಚೆಗೆ ಪಕ್ಕದ ಬೀದಿಯ ಹಿರಿಯರೊಬ್ಬರು ನಗರಸಭೆಯಿಂದ ಬಂದ ಸೂಚನಾಪತ್ರವನ್ನು ಹಿಡಿದು ನಮ್ಮ ಮನೆಗೆ ಬಂದರು. "ಇದೇನು ಸ್ವಾಮಿ, ದಂಡದ ಚೀಟಿಯೇ?" ಎಂದು ಕೇಳಿದರು. ಅಲ್ಲವೆಂದು ಹೇಳಿ ಕಾಫಿ ಕೊಟ್ಟೆ. ಅವರು ಕನ್ನಡದಲ್ಲಿ ಹೇಳುತ್ತಾ ಹೋದರು, ನಾನು ಇಂಗ್ಲಿಷಿನಲ್ಲಿ ಬರೆಯುತ್ತಾ ಹೋದೆ. ಒಂದೂವರೆ ಪುಟವಾಯಿತು. ಕೊನೆಯಲ್ಲಿ ಕನ್ನಡದಲ್ಲಿಯೇ ರುಜು ಹಾಕಬಹುದೇ ಎಂದು ಕೇಳಿದರು. ಹಾಕಿ ಎಂದೆ.