ಎರಡು ಬಾಗಿಲಿನ ಡಾಲ್ಫಿನ್: ಬೆಂಗಳೂರಿನ ಕಾರು ಸೋತಿದ್ದೆಲ್ಲಿ?

ಇವತ್ತು ಒಂದು ಪುಟ್ಟ ಕಾರಿನ ಕಥೆ. ಮೊದಲು ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮಾಲೂರು ತಾಲ್ಲೂಕಿನ ಲಕ್ಕೂರು, 1980ರ ದಶಕದ ಮೊದಲ ವರ್ಷಗಳು. ಹೆಂಚಿನ ಕಾರ್ಖಾನೆಯದೋ ರೇಷ್ಮೆಯದೋ ನಾಲ್ಕು ಕಾಸು ಕೈಗೆ ಬಂದಿದೆ. ಮನೆಗೊಂದು ಕಾರು ಬೇಕು. ಯಾವುದು ತಗೊಳ್ಳೋದು?

ಆಗ ಆಯ್ಕೆ ಎಷ್ಟಿತ್ತು ಹೇಳಿ? ಅಂಬಾಸಿಡರ್ ಇತ್ತು. ಅದು ಇಂಗ್ಲೆಂಡಿನ ಹಳೇ ಮಾರಿಸ್ ಆಕ್ಸ್‌ಫರ್ಡ್. ಪ್ರೀಮಿಯರ್ ಪದ್ಮಿನಿ ಇತ್ತು. ಅದು ಇಟಲಿಯ ಫಿಯೆಟ್ 1100. ಎರಡೂ 1950–60ರ ದಶಕಗಳ ವಿನ್ಯಾಸ, ಎರಡಕ್ಕೂ ದುಡ್ಡು ಕಟ್ಟಿ ಕಾಯಬೇಕಿತ್ತು. ಯಾರು ಕಾರು ಮಾಡಬೇಕು, ಎಷ್ಟು ಮಾಡಬೇಕು ಅನ್ನೋದೆಲ್ಲ ಲೈಸೆನ್ಸ್ ಮೇಲೆ ನಿಂತಿದ್ದ ಕಾಲ ಅದು.

ಆ ಹೊತ್ತಿಗೆ ಬೆಂಗಳೂರಿನ ಒಂದು ಕಂಪನಿ ಧೈರ್ಯ ಮಾಡಿತು. ಸನ್‌ರೈಸ್ ಆಟೊ ಇಂಡಸ್ಟ್ರೀಸ್, ಮುಂದೆ ಸಿಪಾನಿ ಆಟೊಮೊಬೈಲ್ಸ್ ಆದದ್ದು. 1970ರ ದಶಕದಲ್ಲಿ ಇವರು 'ಬಾದಲ್' ಅಂತ ಮೂರು ಚಕ್ರದ ಕಾರು ಮಾಡಿದ್ದರು. 198 ಸಿಸಿಯ ಟೂ ಸ್ಟ್ರೋಕ್ ಎಂಜಿನ್, ಫೈಬರ್ ಗ್ಲಾಸ್ ಮೈ. 1982ರಲ್ಲಿ ನಾಲ್ಕು ಚಕ್ರದ 'ಡಾಲ್ಫಿನ್' ತಂದರು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ 'ಕಿಟನ್' ಕಾರೇ ಇದರ ಮೂಲ. 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ, ನಾಲ್ಕು ಜನರಿಗೆ ಜಾಗ. ತೂಕ ಐನೂರು ಕೆಜಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಹಗುರ ಇದ್ದದ್ದರಿಂದ ಚುರುಕಾಗಿ ಓಡ್ತಿತ್ತು. ರೇಸು, ರ್‍ಯಾಲಿಗೆ ಇಳಿಯೋರಿಗೂ ಇಷ್ಟವಾಯಿತು.

ಹಾಗಿದ್ರೆ ನಮ್ಮ ಕಣ್ಣಳತೆಯಲ್ಲೇ ಹುಟ್ಟಿದ ಈ ಕಾರು ಗೆಲ್ಲಬೇಕಿತ್ತಲ್ವಾ? ಗೆಲ್ಲಲಿಲ್ಲ. 1983ರ ಡಿಸೆಂಬರ್ 14ರಂದು ದಿಲ್ಲಿಯಲ್ಲಿ ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಯನ್ನು ಗ್ರಾಹಕರ ಕೈಗಿಟ್ಟರು. 'ಸರ್ಕಾರದ ಕಂಪನಿ, ಜಪಾನಿನ ಸುಜುಕಿ, ಕಡಿಮೆ ಬೆಲೆ, ಅದಕ್ಕೇ ಗೆದ್ದಿತು' ಅಂತ ಎಲ್ಲರೂ ಹೇಳ್ತಾರೆ. ಅದು ನಿಜ, ಆದರೆ ಅರ್ಧ ನಿಜ. ಉಳಿದರ್ಧ ಕಾರಿನ ಮೈಯಲ್ಲೇ ಇದೆ.

ಮೊದಲು ಆ ಫೈಬರ್ ನೋಡಿ. ಉಕ್ಕಿನ ಮೈ ಬೇಕಾದ್ರೆ ದೊಡ್ಡ ಪ್ರೆಸ್ಸು, ಬೆಲೆಬಾಳುವ ಡೈಗಳು ಬೇಕು. ಲಕ್ಷಗಟ್ಟಲೆ ಕಾರು ಮಾಡೋರಿಗೆ ಮಾತ್ರ ಆ ಬಂಡವಾಳ ಗಿಟ್ಟುತ್ತೆ. ಫೈಬರ್‌ಗೆ ಒಂದು ಅಚ್ಚು ಸಾಕು. ಗಾಜಿನ ನಾರು ಹಾಸಿ, ರೆಸಿನ್ ಸವರಿ, ಗಟ್ಟಿಯಾಗೋವರೆಗೆ ಕಾಯೋದು. ಮಾಲೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈಯಲ್ಲಿ ಇಟ್ಟಿಗೆ ಕೊಯ್ಯೋದಕ್ಕೂ ಪ್ರೆಸ್ಸಿನಲ್ಲಿ ಹೆಂಚು ಒತ್ತೋದಕ್ಕೂ ಇರೋ ವ್ಯತ್ಯಾಸವೇ ಇದು. ಕೈ ಅಚ್ಚಿನಲ್ಲಿ ಶುರು ಮಾಡೋದು ಸುಲಭ. ಆದರೆ ಸಾವಿರದ ಇಟ್ಟಿಗೆಗೂ ಮೊದಲನೇ ಇಟ್ಟಿಗೆಯಷ್ಟೇ ಹೊತ್ತು ಬೇಕು. ಪ್ರೆಸ್ಸು ಹಾಗಲ್ಲ, ಹೆಚ್ಚು ಒತ್ತಿದಷ್ಟೂ ಅಗ್ಗ. ಸಣ್ಣ ಕಂಪನಿಗೆ ಬಾಗಿಲು ತೆರೆದ ಫೈಬರ್ರೇ ಅದು ದೊಡ್ಡದಾಗೋಕೆ ಅಡ್ಡ ನಿಂತಿತು. ವರ್ಷಕ್ಕೆ ಒಂದು ಲಕ್ಷ ವಾಹನದ ಗುರಿ ಇಟ್ಟುಕೊಂಡ ಗುರಗಾಂವ್ ಕಾರ್ಖಾನೆಯ ಎದುರು ಬೆಲೆಯಲ್ಲಿ ನಿಲ್ಲೋದು ಹೇಗೆ?

ಫೈಬರ್ ತುಕ್ಕು ಹಿಡಿಯಲ್ಲ, ಸರಿ. ಆದರೆ ಪೆಟ್ಟು ಬಿದ್ರೆ ಬಗ್ಗಲ್ಲ, ಸೀಳುತ್ತೆ. ಊರಿನ ಗ್ಯಾರೇಜಿನವನಿಗೆ ತಗಡು ಗೊತ್ತು, ಸುತ್ತಿಗೆ ಗೊತ್ತು, ಗ್ಯಾಸ್ ವೆಲ್ಡಿಂಗ್ ಗೊತ್ತು. ಅವನ ಕೈಗೆ ಒಗ್ಗದ ಕಾರನ್ನು ಹಳ್ಳಿ ಕಡೆಯವರು ನಂಬಿ ಕೊಳ್ಳೋದು ಕಷ್ಟ.

ಇನ್ನೊಂದು, ಬಾಗಿಲು. ಡಾಲ್ಫಿನ್‌ಗೆ ಇದ್ದದ್ದು ಎರಡೇ. ಲಕ್ಕೂರಿನ ಆ ಮನೆಯವರು ಮದುವೆಗೆ ಹೊರಟಿದ್ದಾರೆ ಅಂದುಕೊಳ್ಳಿ. ಮುಂದಿನ ಸೀಟು ಮಡಚಿ, ರೇಷ್ಮೆ ಸೀರೆ ಉಟ್ಟ ಅಜ್ಜಿ ಬಗ್ಗಿ ಹಿಂದಕ್ಕೆ ತೂರಬೇಕು. ಇಳಿಯೋವಾಗ ಮುಂದೆ ಕೂತವರು ಮೊದಲು ಇಳಿಯಬೇಕು. ಇಂಗ್ಲೆಂಡಿನಲ್ಲಿ ಹಿಂದಿನ ಸೀಟು ಮಕ್ಕಳಿಗೆ, ಸಾಮಾನಿಗೆ. ನಮ್ಮಲ್ಲಿ ಹಿಂದಿನ ಸೀಟು ಹಿರಿಯರಿಗೆ. ಮಾರುತಿ 800 ಕೂಡ ಚಿಕ್ಕದೇ, 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. ಆದರೆ ಅಕ್ಕಪಕ್ಕಕ್ಕೆ ನಾಲ್ಕು ಬಾಗಿಲು. 1984ರಲ್ಲಿ ಬಂದ ಮಾರುತಿ ವ್ಯಾನ್, ಅಂದ್ರೆ ನಮ್ಮ ಓಮ್ನಿಗೆ ಜಾರುವ ಬಾಗಿಲು. ಬೆಳಿಗ್ಗೆ ತರಕಾರಿ, ಸಂಜೆ ನೆಂಟರು, ಎರಡಕ್ಕೂ ಅದೇ ಗಾಡಿ.

ಸಿಪಾನಿಯವರಿಗೆ ಇದು ಅರ್ಥವಾಗಲಿಲ್ಲ ಅಂತಲ್ಲ. 1987ರಲ್ಲಿ ಅದೇ ಕಾರನ್ನು ತಿದ್ದಿ, ಹಿಂದಿನವರಿಗೂ ಬಾಗಿಲು ಇಟ್ಟು 'ಮೊಂಟಾನಾ' ಮಾಡಿದರು. ಐದು ವರ್ಷ ತಡವಾಗಿತ್ತು. ಅಷ್ಟರಲ್ಲಿ ಕಾರು ಅಂದ್ರೆ ಮಾರುತಿ ಅನ್ನೋ ಹಾಗಾಗಿತ್ತು. 1990ರ ದಶಕದಲ್ಲಿ ಇಂಗ್ಲೆಂಡಿನ ರೋವರ್ ಮಾಂಟೆಗೊ ಕಾರನ್ನೂ ಜೋಡಿಸಿ ನೋಡಿದರು. ಅದೂ ಕೈಹಿಡಿಯಲಿಲ್ಲ. ಕರ್ನಾಟಕದ್ದೇ ಒಂದು ಕಾರು ಕಂಪನಿ ಹಾಗೆ ಮರೆಗೆ ಸರಿಯಿತು.

ಈ ಕಥೆಗೆ ಇನ್ನೊಂದು ಸುತ್ತು ಇದೆ. 2001ರಲ್ಲಿ ಬೆಂಗಳೂರಿನ ಮೈನಿ ಸಮೂಹದವರು 'ರೇವಾ' ಅನ್ನೋ ವಿದ್ಯುತ್ ಕಾರು ತಂದರು. ಮತ್ತೆ ಪ್ಲಾಸ್ಟಿಕ್ ಮೈ, ಮತ್ತೆ ಎರಡೇ ಬಾಗಿಲು. ಲಂಡನ್‌ನಲ್ಲಿ 'ಜಿ-ವಿಜ್' ಅಂತ ಹೆಸರು ಮಾಡಿತು, ನಮ್ಮ ಮನೆಗಳಿಗೆ ಒಗ್ಗಲಿಲ್ಲ. 2010ರಲ್ಲಿ ಕಂಪನಿ ಮಹೀಂದ್ರಾ ಪಾಲಾಯಿತು. 2013ರ 'ಇ2ಒ'ಗೂ ಎರಡೇ ಬಾಗಿಲು. ನಾಲ್ಕು ಬಾಗಿಲು ಬಂದದ್ದು 2016ರಲ್ಲಿ. ಮೊಂಟಾನಾ ಕಲಿಸಿದ್ದ ಪಾಠವನ್ನು ಅದೇ ಊರು ಮತ್ತೆ ಮೊದಲಿಂದ ಕಲಿಯಿತು.

ಇನ್ನು ಮಾರುತಿ 800. ಹೊಗೆಯ ಹೊಸ ನಿಯಮದಿಂದಾಗಿ 2010ರ ಏಪ್ರಿಲ್‌ನಲ್ಲಿ ಬೆಂಗಳೂರು ಸೇರಿ 13 ನಗರಗಳಲ್ಲಿ ಅದರ ಮಾರಾಟ ನಿಂತಿತು. ಸಣ್ಣ ಊರುಗಳಲ್ಲಿ ಇನ್ನೂ ಕೆಲವು ವರ್ಷ ಸಿಗ್ತಿತ್ತು. 2014ರ ಜನವರಿಯಲ್ಲಿ ಉತ್ಪಾದನೆಯೇ ಮುಗಿಯಿತು. ಅಷ್ಟರಲ್ಲಿ 25 ಲಕ್ಷಕ್ಕೂ ಹೆಚ್ಚು ಕಾರುಗಳು ರಸ್ತೆಗೆ ಇಳಿದಿದ್ದವು.

ಡಾಲ್ಫಿನ್ ಕೆಟ್ಟ ಕಾರೇನಲ್ಲ. ಬಂಡವಾಳ ಇಲ್ಲದವರು ಬಂಡವಾಳ ಬೇಡದ ದಾರಿ ಹುಡುಕಿದ್ದರು. ಅದು ಸಣ್ಣ ಸಾಹಸ ಅಲ್ಲ. ಆದರೆ ಕಾರು ಕೊಳ್ಳೋರು ಊರಿನ ಅಭಿಮಾನ ನೋಡಿ ಕೊಳ್ಳಲಿಲ್ಲ. ಯಾರು ರಿಪೇರಿ ಮಾಡ್ತಾರೆ, ಅಜ್ಜಿ ಹೇಗೆ ಹತ್ತುತ್ತಾರೆ ಅಂತ ನೋಡಿ ಕೊಂಡರು. ನಾಳೆ ನಮ್ಮಲ್ಲಿ ಇನ್ನೊಂದು ಕಾರು ಹುಟ್ಟೋದಾದ್ರೆ, ಅದನ್ನು ಬರೆಯೋರು ಹಿಂದಿನ ಸೀಟಿನಿಂದ ಶುರು ಮಾಡಲಿ.

ನಿಮ್ಮ ಮನೆಗೆ ಮೊದಲು ಬಂದ ಕಾರು ಯಾವುದು? ಮನೆಯ ಹಿರಿಯರನ್ನು ಕೇಳಿ ನೋಡಿ. ಮುಂದಿನ ಕಂತಿನಲ್ಲಿ ಸಿಗೋಣ.