ಹೆಸರು ಸಂತರದು, ಕಾಲುವೆ ಯಾರದು?

ಆಸ್ಟಿನ್‌ನಿಂದ ಐ-35 ಹಿಡಿದು ದಕ್ಷಿಣಕ್ಕೆ ಸುಮಾರು 80 ಮೈಲಿ ಹೋದರೆ ಸ್ಯಾನ್ ಆಂಟೋನಿಯೊ. ಡಲ್ಲಾಸ್, ಹ್ಯೂಸ್ಟನ್‌ನಲ್ಲಿರುವ ನಮ್ಮವರೂ ರಜೆ ಸಿಕ್ಕಾಗ ಅಲಾಮೊ ನೋಡಿ, ರಿವರ್ ವಾಕ್‌ನಲ್ಲಿ ಒಂದು ಸುತ್ತು ಹಾಕಿ ಬರ್ತಾರೆ. ಆ ನದಿ ದಂಡೆಯಲ್ಲೇ ಊರಿಗೆ ಹೆಸರಾದ ಸಂತ ಅಂತೋಣಿಯವರ ಪ್ರತಿಮೆ ಇದೆ. 1968ರಲ್ಲಿ ಅಲ್ಲಿ ಹೆಮಿಸ್‌ಫೇರ್ ಎಂಬ ವಿಶ್ವಮೇಳ ನಡೆದಾಗ ಪೋರ್ಚುಗಲ್ ದೇಶ ಕೊಟ್ಟ ಕಾಣಿಕೆ ಅದು.

ಮೈಸೂರು ಜಿಲ್ಲೆಯ ಕೆ.ಆರ್. ನಗರದ ಕಡೆಯವರಿಗೆ ಈ ಸಂತರು ಹೊಸಬರಲ್ಲ. ಡೋರ್ನಹಳ್ಳಿಯಲ್ಲಿ ಹೊಲ ಉಳುತ್ತಿದ್ದ ರೈತನಿಗೆ ಅವರ ಪ್ರತಿಮೆ ಸಿಕ್ಕಿತು ಅಂತ ಹೇಳ್ತಾರೆ. ಜೂನ್ 13ರ ಹಬ್ಬಕ್ಕೆ ಜಾತಿ ಮತ ನೋಡದೆ ಜನ ಸೇರ್ತಾರೆ.

ಪಡುವಾದ ಅಂತೋಣಿ ಅಂತ ಹೆಸರಾದರೂ ಅವರು ಹುಟ್ಟಿದ್ದು 1195ರಲ್ಲಿ, ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ. ಧರ್ಮಪ್ರಚಾರಕ್ಕೆ ಮೊರಾಕ್ಕೊಗೆ ಹೋಗಿ ಕಾಯಿಲೆ ಬಿದ್ದರು. ವಾಪಸ್ ಬರುವಾಗ ಹಡಗು ಬಿರುಗಾಳಿಗೆ ಸಿಕ್ಕಿ ಇಟಲಿಯ ಸಿಸಿಲಿ ಸೇರಿತು. 1231ರ ಜೂನ್ 13ರಂದು ಪಡುವಾದಲ್ಲಿ ತೀರಿಕೊಂಡರು. ನಮ್ಮಲ್ಲಿ ಎಷ್ಟೋ ಜನರ ಹಾಗೆ, ಹೊರಟಿದ್ದು ಒಂದು ಕಡೆಗೆ, ಸೇರಿದ್ದು ಇನ್ನೊಂದು ಕಡೆ.

ಟೆಕ್ಸಾಸ್ ಅವರು ಕಂಡಿದ್ದೇ ಇಲ್ಲ. 1691ರಲ್ಲಿ ಸ್ಪೇನಿನವರ ತಂಡ ಈ ನದಿ ಹತ್ತಿರ ಬಂದ ದಿನ ಜೂನ್ 13. ಹಬ್ಬದ ದಿನ ನೋಡಿ ಹೆಸರಿಟ್ಟರು, ಅಷ್ಟೆ. ಆದರೆ ಅಲ್ಲಿ ಆಗಲೇ ಪಯಾಯಾ ಜನರ ಹಳ್ಳಿ ಇತ್ತು. ಆ ಜಾಗಕ್ಕೆ ಯಾನಗುವಾನ ಅನ್ನೋ ಹೆಸರೂ ಇತ್ತು.

1718ರಿಂದ ಸ್ಪೇನಿನ ಪಾದ್ರಿಗಳು ಅಲ್ಲಿ ಮಿಷನ್‌ಗಳನ್ನು ಕಟ್ಟಿಸಿದರು. ಕಲ್ಲು ಹೊತ್ತವರು, ಕಾಲುವೆ ಅಗೆದವರು ಬಹುಪಾಲು ಆ ಸೀಮೆಯ ಮೂಲನಿವಾಸಿಗಳು. ಓಡಿಹೋದವರನ್ನು ಹುಡುಕಿ ವಾಪಸ್ ತರುತ್ತಿದ್ದರು. ಸಿಡುಬು, ದಡಾರಕ್ಕೆ ಸತ್ತವರು ಲೆಕ್ಕವಿಲ್ಲ.

ಊರಿನ ದಕ್ಷಿಣಕ್ಕೆ, ಎಸ್ಪಾಡಾ ಮಿಷನ್ ಹತ್ತಿರ, ಅವರು 1740ರ ಸುಮಾರಿಗೆ ಕಟ್ಟಿದ ಮೇಲ್ಗಾಲುವೆ ಇನ್ನೂ ಇದೆ. ಕೆಳಗೆ ಹಳ್ಳ, ಅದರ ಮೇಲೆ ಎರಡು ಕಲ್ಲಿನ ಕಮಾನು, ಕಮಾನಿನ ಮೇಲೆ ನೀರು. ಮೋಟಾರ್ ಇಲ್ಲ, ಪಂಪ್ ಇಲ್ಲ. ಇಳಿಜಾರಿನ ಲೆಕ್ಕ ಸರಿಯಾಗಿ ಹಾಕಿದ್ದಕ್ಕೆ ನೀರು ಈಗಲೂ ಹರಿಯುತ್ತಿದೆ. 2015ರಲ್ಲಿ ಯುನೆಸ್ಕೊ ಈ ಮಿಷನ್‌ಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಾನು ಸರ್ಕಾರಿ ಐಟಿಐಯಲ್ಲಿ ಕಲಿತ ಎಲೆಕ್ಟ್ರಿಷಿಯನ್. ನಾವು ಎಳೆದ ವೈರು ಗೋಡೆಯೊಳಗೆ ಮುಚ್ಚಿಹೋಗುತ್ತೆ, ಹೊರಗೆ ಕಾಣೋದು ಸ್ವಿಚ್ಚು, ದೀಪ ಮಾತ್ರ. ಊರುಗಳ ಚರಿತ್ರೆಯೂ ಹೀಗೇ ಅನ್ಸುತ್ತೆ. ಸಂತರ ಮೇಲೆ ನನಗೆ ದೂರಿಲ್ಲ, ಅವರೇನೂ ಪ್ರತಿಮೆ ಕೇಳಿರಲಿಲ್ಲ. ಮುಂದಿನ ಸಲ ಆ ಕಡೆ ಹೋದಾಗ ಪ್ರತಿಮೆಯ ಮುಂದೆ ಫೋಟೊ ತೆಗೆಸಿಕೊಳ್ಳಿ. ಆಮೇಲೆ ಮಕ್ಕಳನ್ನು ಎಸ್ಪಾಡಾಗೂ ಕರ್ಕೊಂಡು ಹೋಗಿ, ಆ ನೀರು ತೋರಿಸಿ, ಯಾನಗುವಾನ ಅನ್ನೋ ಹೆಸರು ಹೇಳಿಕೊಡಿ.