ವ್ಯಸನ: ದುಃಖವೂ ಹೌದು, ಚಟವೂ ಹೌದು

ಸಾವಿನ ಸುದ್ದಿ ತಿಳಿದಾಗ ಹಿರಿಯರು ಈಗಲೂ ‘ಕೇಳಿ ತುಂಬ ವ್ಯಸನವಾಯಿತು’ ಅನ್ನುತ್ತಾರೆ. ಅದೇ ಊರಿನ ಗೋಡೆಯ ಮೇಲೆ ‘ವ್ಯಸನಮುಕ್ತ ಸಮಾಜ’ ಎಂಬ ಬರಹವಿರುತ್ತದೆ. ಅಲ್ಲಿ ದುಃಖ, ಇಲ್ಲಿ ಕುಡಿತ, ಜೂಜು, ಗುಟ್ಕಾ. ‘ಚಟ’ಕ್ಕೆ ಈ ಆಳವಿಲ್ಲ, ಕಾಫಿಗೂ ಚಟ ಅನ್ನುತ್ತೇವೆ. ಕೌಟಿಲ್ಯನ ಅರ್ಥಶಾಸ್ತ್ರದ ಎಂಟನೆಯ ಅಧಿಕರಣವಿಡೀ ವ್ಯಸನಗಳದ್ದೇ. ಬೆಂಕಿ, ನೆರೆ, ರೋಗ, ಬರಗಾಲಗಳು ಅಲ್ಲಿ ವ್ಯಸನ. ರಾಜನ ಬೇಟೆ, ಜೂಜು, ಮದ್ಯಪಾನವೂ ವ್ಯಸನ. ಮನುಷ್ಯನನ್ನು ಶ್ರೇಯಸ್ಸಿನಿಂದ ಆಚೆಗೆ ಎಸೆಯುವಂಥದ್ದು ಎಂದು ಆತ ಆ ಪದವನ್ನು ಬಿಡಿಸುತ್ತಾನೆ.

ಎರಡು ಅರ್ಥಗಳೂ ಒಂದೇ ಸೂರಿನಡಿ ಇರುವುದು ಕುಡಿಯುವವನ ಮನೆಯಲ್ಲಿ.

‘ಇವತ್ತೂ ಕುಡ್ಕೊಂಡು ಬಂದ್ರಾ?’

‘ನೀನು ದಿನಾ ಹೀಗೆ ಪ್ರಾಣ ತಿಂದ್ರೆ ಕುಡೀದೆ ಇನ್ನೇನ್ ಮಾಡ್ಲಿ?’

ಅವನು ನೆಪ ಹೇಳುತ್ತಿದ್ದಾನೆ ಎಂದು ನಮಗನ್ನಿಸುತ್ತದೆ. ಆದರೆ ಅವನು ಅದನ್ನು ನಿಜವಾಗಿ ನಂಬಿರುತ್ತಾನೆ, ಕಷ್ಟವಿರುವುದೇ ಅಲ್ಲಿ. ಯಹೂದಿ ಧರ್ಮಗುರುವೂ (ರಬ್ಬಿ) ಮನೋವೈದ್ಯರೂ ಆಗಿದ್ದ ಅಮೆರಿಕದ ಅಬ್ರಹಾಂ ಟ್ವೆರ್ಸ್ಕಿ 1990ರಲ್ಲಿ ‘ಅಡಿಕ್ಟಿವ್ ಥಿಂಕಿಂಗ್’ ಎಂಬ ಪುಸ್ತಕ ಬರೆದರು. ವ್ಯಸನಿಯ ಮನಸ್ಸು ಕಾರಣವನ್ನೂ ಪರಿಣಾಮವನ್ನೂ ಅದಲುಬದಲು ಮಾಡುತ್ತದೆ ಎಂಬುದು ಅವರ ಮುಖ್ಯ ಮಾತುಗಳಲ್ಲೊಂದು. ಕುಡಿತದಿಂದ ಹುಟ್ಟಿದ ಜಗಳವೇ ಕುಡಿತಕ್ಕೆ ಕಾರಣವಾಗಿ ಕಾಣುತ್ತದೆ. ಇದರ ತಳದಲ್ಲಿ ‘ನಾನು ಯಾವುದಕ್ಕೂ ಬಾರದವನು’ ಎಂಬ ಭಾವನೆ ಇರುತ್ತದೆ ಎಂದೂ ಅವರು ಹೇಳುತ್ತಿದ್ದರು. ಅದಕ್ಕೇ ‘ಮಾನ ಮರ್ಯಾದೆ ಇಲ್ವಾ ನಿಂಗೆ’ ಎಂಬ ಬೈಗುಳ ಯಾವ ಕುಡುಕನನ್ನೂ ತಿದ್ದಲಾರದು ಅನ್ನಿಸುತ್ತದೆ ನನಗೆ. ಆ ಮಾತನ್ನು ಅವನು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡು, ಅದು ಕೇಳಿಸದಿರಲೆಂದೇ ಕುಡಿದಿರುತ್ತಾನೆ.

ಹಾಗೆಂದು ಕಾರಣ ತಿಳಿದಿದ್ದರೆ ಸಾಕೆಂದೂ ಅಲ್ಲ. ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತದಲ್ಲಿ ಒಬ್ಬ ಜೂಜುಗಾರ ಗೋಳಾಡುತ್ತಾನೆ. ಅತ್ತೆಗೆ ಅವನನ್ನು ಕಂಡರಾಗದು. ಇವನ್ಯಾರೋ ಗೊತ್ತಿಲ್ಲ, ಕಟ್ಟಿಕೊಂಡು ಹೋಗಿ ಎಂದು ಹೆತ್ತವರೂ ಒಡಹುಟ್ಟಿದವರೂ ಕೈಬಿಡುತ್ತಾರೆ. ಆದರೂ ಅವನು ಹೆಂಡತಿಯನ್ನು ದೂರುವುದಿಲ್ಲ: ಅವಳು ಒಳ್ಳೆಯವಳೇ, ದಾಳದ ಆಸೆಗೆ ನಾನೇ ಅವಳನ್ನು ದೂರ ಮಾಡಿಕೊಂಡೆ ಅನ್ನುತ್ತಾನೆ. ಕಾರಣ ಯಾವುದು, ಪರಿಣಾಮ ಯಾವುದು ಎಂಬುದು ಅವನಿಗೆ ಸ್ಪಷ್ಟವಾಗಿ ಗೊತ್ತು. ಇನ್ನು ಆಡುವುದಿಲ್ಲ ಎಂದು ನಿಶ್ಚಯಿಸಿಯೂ ದಾಳ ಉರುಳಿದ ಸದ್ದಿಗೆ ಎದ್ದು ಹೊರಟುಬಿಡುತ್ತಾನೆ. ಹಾಗಾಗಿ ‘ಬುದ್ಧಿ ಹೇಳಿದರೆ ಸರಿಹೋಗುತ್ತಾನೆ’ ಎಂಬ ನೆಂಟರ ಸಲಹೆಯನ್ನು ನಾನು ನಂಬುವುದಿಲ್ಲ. ವ್ಯಸನಿಗೆ ಬೇಕಾದದ್ದು ಚಿಕಿತ್ಸೆ.

ಕುಡಿಯುವವನ ಮನೆಯವರ ಯೋಚನೆಯೂ ಮೆಲ್ಲನೆ ಅವನಂತೆಯೇ ಕಾರಣ, ಪರಿಣಾಮಗಳನ್ನು ಅದಲುಬದಲು ಮಾಡತೊಡಗುತ್ತದೆ. ‘ಜ್ವರ ಬಂದಿದೆ ಸಾರ್’ ಎಂದು ಆಫೀಸಿಗೆ ಫೋನು ಮಾಡುವವಳು ಹೆಂಡತಿ. ಅಪ್ಪ ಸ್ಕೂಟರಿಗೆ ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ ಮಗಳು ಅವತ್ತಿನ ರಾತ್ರಿ ಹೇಗಿರುತ್ತದೆಂದು ಅಳೆದು, ಪುಸ್ತಕ ಎತ್ತಿಕೊಂಡು ಒಳಕೋಣೆಗೆ ಹೋಗುತ್ತಾಳೆ. ನಾನು ಇನ್ನಷ್ಟು ಒಳ್ಳೆಯವಳಾಗಿದ್ದರೆ ಅಪ್ಪ ಕುಡಿಯುತ್ತಿರಲಿಲ್ಲವೇನೋ ಎಂದು ಆ ಹುಡುಗಿಗೂ ಅನ್ನಿಸತೊಡಗುತ್ತದೆ. ಚಟ ಅವನದು, ವ್ಯಸನ ಎಲ್ಲರದೂ.

1935ರಲ್ಲಿ, ಕುಡಿತ ಬಿಡಲು ಬಯಸುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಕಟ್ಟಿದವರಲ್ಲಿ ಬಿಲ್ ವಿಲ್ಸನ್ ಒಬ್ಬರು. ಅವರ ಹೆಂಡತಿ ಲೋಯಿಸ್ 1951ರಲ್ಲಿ ಇನ್ನೊಬ್ಬ ಮಹಿಳೆಯೊಂದಿಗೆ ಸೇರಿ, ಕುಡಿಯುವವರ ಮನೆಮಂದಿಗಾಗಿಯೇ ಅಲ್-ಅನಾನ್ ಶುರುಮಾಡಿದರು. ಗಂಡನಿಗೆ ಕುಡಿತ ಬಿಡಿಸುವ ಉಪಾಯ ಅಲ್ಲಿ ಹೇಳಿಕೊಡುವುದಿಲ್ಲ. ಅವನ ಕುಡಿತಕ್ಕೆ ನೀನು ಕಾರಣಳಲ್ಲ, ಅದನ್ನು ಹತೋಟಿಯಲ್ಲಿಡುವುದೂ ಗುಣಪಡಿಸುವುದೂ ನಿನ್ನ ಕೈಯಲ್ಲಿಲ್ಲ ಎಂಬುದು ಅಲ್ಲಿ ಕಲಿಯುವ ಮೊದಲ ಪಾಠಗಳಲ್ಲೊಂದು.